ಕುದುರೆ ಕೋಸಂಬರಿ ತಿನ್ನುವುದಿಲ್ಲ!

ಧ್ವನಿಯಂತ್ರಗಳನ್ನು ಒರೆಗೆ ಹಚ್ಚುವ ಮಾದರಿ ಧ್ವನಿಗಳ ಕಥೆ

‘ಹಲೋ... ಮೈಕ್ ಟೆಸ್ಟಿಂಗ್... ಒನ್, ಟೂ, ತ್ರೀ...’

ಊರಹಬ್ಬವಿರಲಿ, ಗಣೇಶನ ಪೆಂಡಾಲಿರಲಿ, ಯಕ್ಷಗಾನದ ರಂಗಸ್ಥಳವಿರಲಿ, ಕಾರ್ಯಕ್ರಮ ಆರಂಭವಾಗುವ ಮುನ್ನ ಕೇಳಿಬರುವ ಮೊದಲ ಮಾತು ಇದೇ. ಅಧ್ಯಕ್ಷರ ಭಾಷಣಕ್ಕಿಂತ ಮೊದಲು ಮೈಕ್‌ಸೆಟ್‌ನವನ ಭಾಷಣ! ಇದನ್ನು ಕೇಳಿ ನಕ್ಕು ಸುಮ್ಮನಾಗುವವರೇ ಹೆಚ್ಚು. ಆದರೆ ಆತ ಮಾಡುತ್ತಿರುವುದು ಅಪ್ಪಟ ವೈಜ್ಞಾನಿಕ ಕೆಲಸ. ತನಗೆ ಚೆನ್ನಾಗಿ ಗೊತ್ತಿರುವ ಧ್ವನಿಯೊಂದನ್ನು ಯಂತ್ರದ ಒಂದು ತುದಿಗೆ ಕೊಟ್ಟು, ಇನ್ನೊಂದು ತುದಿಯಿಂದ ಅದು ಹೇಗೆ ಹೊರಬರುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಕೊಟ್ಟದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವೇ ಯಂತ್ರದ ದೋಷ.

ಮೊಬೈಲ್ ಫೋನು, ಇಯರ್‌ಫೋನು, ಹಾಡು ನುಡಿಸುವ ತಂತ್ರಾಂಶ, ಕಿವಿಗೆ ಹಾಕುವ ಶ್ರವಣಯಂತ್ರ, ಇವೆಲ್ಲವೂ ನಮ್ಮ ಕೈ ಸೇರುವ ಮೊದಲು ಇಂಥದೇ ಪರೀಕ್ಷೆಯನ್ನು ದಾಟಿ ಬಂದಿರುತ್ತವೆ. ಅದಕ್ಕೆಂದೇ ಸಿದ್ಧಪಡಿಸಿಟ್ಟ ಧ್ವನಿಯ ತುಣುಕುಗಳಿವೆ. ತಂತ್ರಜ್ಞರು ಅವನ್ನು ಮಾದರಿ ಧ್ವನಿ ಕಡತಗಳು ಎನ್ನುತ್ತಾರೆ. ಯಾವ ಧ್ವನಿಯಾದರೇನು, ಕೇಳಿಸಿದರೆ ಸಾಲದೇ ಎಂದು ತೋರುವುದು ಸಹಜ. ಆದರೆ ಕಳೆದ 160 ವರ್ಷಗಳ ಅನುಭವ ಬೇರೆಯೇ ಪಾಠ ಹೇಳುತ್ತದೆ. ಯಾವ ಧ್ವನಿಯನ್ನು ಮಾದರಿಯಾಗಿ ಆರಿಸುತ್ತೇವೆ ಎಂಬುದರ ಮೇಲೆಯೇ ಯಾವ ದೋಷ ಬಯಲಾಗುತ್ತದೆ, ಯಾವುದು ಅಡಗಿಕೊಳ್ಳುತ್ತದೆ ಎಂಬುದು ನಿಂತಿದೆ.

ತಾಮ್ರದ ಸೂರ್ಯ, ಸಕ್ಕರೆಯ ಸೂರ್ಯ

ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಅದಕ್ಕೆ 15 ವರ್ಷ ಮೊದಲೇ ಜರ್ಮನಿಯ ಫ್ರಾಂಕ್‌ಫರ್ಟ್ ಸಮೀಪದ ಶಾಲಾ ಮಾಸ್ತರ ಫಿಲಿಪ್ ರೈಸ್ ತಂತಿಯ ಮೂಲಕ ಧ್ವನಿ ಕಳಿಸುವ ಉಪಕರಣವೊಂದನ್ನು ಮಾಡಿದ್ದ. ಆ ಪ್ರಯೋಗಗಳನ್ನು ನೋಡಿದ ಅವನ ಗೆಳೆಯ, ಸಂಗೀತದ ಮಾಸ್ತರ ಹೈನ್ರಿಕ್ ಪೀಟರ್ ಹೇಳಿರುವ ಒಂದು ಸಂಗತಿ ಸ್ವಾರಸ್ಯಕರವಾಗಿದೆ. ರೈಸ್‌ನ ಬಂಧುವೊಬ್ಬ ಪುಸ್ತಕವೊಂದರಿಂದ ಓದುತ್ತಿದ್ದ. ಇನ್ನೊಂದು ತುದಿಯಲ್ಲಿದ್ದ ರೈಸ್ ಅದನ್ನು ಕೇಳಿಸಿಕೊಂಡು ಹೇಳುತ್ತಿದ್ದ. ಪೀಟರ್‌ಗೆ ಅನುಮಾನ ಬಂತು. ಪುಸ್ತಕದ ಮಾತು ರೈಸ್‌ಗೆ ಮೊದಲೇ ಬಾಯಿಪಾಠವಾಗಿದ್ದರೆ? ಹೀಗೆಂದುಕೊಂಡು ತಾನೇ ಉಪಕರಣದ ಮುಂದೆ ಕುಳಿತು, ಯಾರೂ ಊಹಿಸಲಾಗದ ಅರ್ಥವಿಲ್ಲದ ವಾಕ್ಯಗಳನ್ನು ಹೇಳತೊಡಗಿದ. ಅದರಲ್ಲೊಂದು ವಾಕ್ಯ ಕುದುರೆ ಸೌತೆಕಾಯಿಯ ಸಲಾಡ್ ತಿನ್ನುವುದಿಲ್ಲ ಎಂದು. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಕುದುರೆ ಸೌತೆಕಾಯಿ ಕೋಸಂಬರಿ ತಿನ್ನುವುದಿಲ್ಲ!

ಇನ್ನೊಂದು ವಾಕ್ಯ, ಸೂರ್ಯ ತಾಮ್ರದ್ದು ಎಂದು. ರೈಸ್ ಕೇಳಿಸಿಕೊಂಡದ್ದು ಮಾತ್ರ ಸೂರ್ಯ ಸಕ್ಕರೆಯದ್ದು ಎಂದು. ಜರ್ಮನ್ ಭಾಷೆಯಲ್ಲಿ ತಾಮ್ರಕ್ಕೆ ‘ಕುಪ್ಫರ್’, ಸಕ್ಕರೆಗೆ ‘ತ್ಸುಕ್ಕರ್’. ಎರಡರಲ್ಲೂ ಸ್ವರಗಳು ಒಂದೇ, ವ್ಯಂಜನಗಳು ಬೇರೆ. ಅಂದರೆ ಉಪಕರಣ ಸ್ವರಗಳನ್ನು ದಾಟಿಸುತ್ತಿತ್ತು, ವ್ಯಂಜನಗಳನ್ನು ದಾರಿಯಲ್ಲೇ ಕಳೆದುಬಿಡುತ್ತಿತ್ತು. ಪುಸ್ತಕದ ಓದು ಬಯಲು ಮಾಡದ ದೋಷವನ್ನು ಒಂದು ಅಸಂಬದ್ಧ ವಾಕ್ಯ ಬಯಲು ಮಾಡಿತು.

ಥಾಮಸ್ ಎಡಿಸನ್ 1877ರಲ್ಲಿ ತನ್ನ ಫೋನೋಗ್ರಾಫಿನ ಮುಂದೆ ಹೇಳಿದ್ದು ಅಮೆರಿಕದ ಮಕ್ಕಳಿಗೆಲ್ಲ ಗೊತ್ತಿದ್ದ ಕುರಿಮರಿಯ ಶಿಶುಗೀತೆಯನ್ನು. ತವರದ ಹಾಳೆಯಿಂದ ಕ್ಷೀಣವಾಗಿ ಹೊರಟ ದನಿಯನ್ನು ಸುತ್ತಲಿದ್ದವರು ತಟ್ಟನೆ ಗುರುತಿಸಿದ್ದರೆ ಆಶ್ಚರ್ಯವಿಲ್ಲ. ಗೊತ್ತಿರುವ ಪದ್ಯದಲ್ಲಿ ಯಂತ್ರ ನುಂಗಿದ ಅಕ್ಷರವನ್ನು ಕೇಳುವವನ ಮನಸ್ಸೇ ತುಂಬಿಕೊಡುತ್ತದೆ. ಪ್ರದರ್ಶನಕ್ಕೆ ಅದು ಒಳ್ಳೆಯದು, ಪರೀಕ್ಷೆಗೆ ಅಲ್ಲ.

ಈ ಪಾಠವನ್ನು ಮುಂದೆ ಅಮೆರಿಕದ ವಿಜ್ಞಾನಿಗಳು ಶಾಸ್ತ್ರವನ್ನಾಗಿಯೇ ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಡೆದ ಕೆಲಸದಿಂದ ಹುಟ್ಟಿಕೊಂಡ ‘ಹಾರ್ವರ್ಡ್ ವಾಕ್ಯಗಳು’ ಇಂದಿಗೂ ಬಳಕೆಯಲ್ಲಿವೆ. 1969ರಲ್ಲಿ ಎಂಜಿನಿಯರುಗಳ ಸಂಘಟನೆಯೊಂದು ಶಿಫಾರಸು ಮಾಡಿದ ರೂಪದಲ್ಲಿ ತಲಾ 10 ವಾಕ್ಯಗಳ 72 ಪಟ್ಟಿಗಳು, ಒಟ್ಟು 720 ವಾಕ್ಯಗಳಿವೆ. ಸರಳ ವಾಕ್ಯಗಳೇ, ಆದರೆ ಮುಂದಿನ ಪದ ಇದೇ ಎಂದು ಊಹಿಸುವುದು ಕಷ್ಟ. ಇಂಗ್ಲಿಷಿನ ದಿನಬಳಕೆಯ ಮಾತಿನಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೋ, ಪ್ರತಿ ಪಟ್ಟಿಯಲ್ಲೂ ಸುಮಾರು ಅದೇ ಪ್ರಮಾಣದಲ್ಲಿ ಬರುವಂತೆ ಅವುಗಳನ್ನು ಹೆಣೆಯಲಾಗಿದೆ.

ಶ್ರುತಿಕವೆಯ ಸಾಕ್ಷ್ಯ

ಮಾತು ಸ್ಪಷ್ಟವಾಗಿದೆಯೇ ಎಂಬುದನ್ನು ಕಿವಿ ಹೇಳಬಲ್ಲದು. ಆದರೆ ಯಂತ್ರದ ವೇಗ ಸರಿಯಿದೆಯೇ, ಸ್ವರ ಏರಿದೆಯೋ ಇಳಿದಿದೆಯೋ ಎಂದು ಖಚಿತವಾಗಿ ಹೇಳಲು ಅಳತೆಗೋಲು ಬೇಕು. ಇದಕ್ಕೆ ಸೊಗಸಾದ ನಿದರ್ಶನ ಫ್ರಾನ್ಸ್‌ನಲ್ಲಿದೆ.

ಪ್ಯಾರಿಸ್ಸಿನ ಎಡ್ವರ್ಡ್ ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ 1857ರಲ್ಲಿ ಪೇಟೆಂಟ್ ಪಡೆದ ಉಪಕರಣ ಧ್ವನಿಯ ಕಂಪನವನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಅದನ್ನು ಮತ್ತೆ ನುಡಿಸುವ ಯೋಚನೆಯೇ ಆತನಿಗಿರಲಿಲ್ಲ; ಗೆರೆ ನೋಡಿ ಧ್ವನಿಯನ್ನು ಅಧ್ಯಯನ ಮಾಡಬೇಕೆಂಬುದಷ್ಟೇ ಆಸೆ. 1860ರ ಏಪ್ರಿಲ್ 9ರಂದು ಆತ ಫ್ರೆಂಚ್ ಜಾನಪದ ಗೀತೆಯೊಂದರ ತುಣುಕನ್ನು ಹೀಗೆ ದಾಖಲಿಸಿದ. ಜೊತೆಗೆ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ. ಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ಟ್ಯೂನಿಂಗ್ ಫೋರ್ಕ್ ಎಂದು ಕರೆಯುವ ಶ್ರುತಿಕವೆಯ ಕಂಪನವನ್ನೂ ಹಾಡಿನ ಗೆರೆಯ ಪಕ್ಕದಲ್ಲೇ ಮೂಡಿಸಿದ. ಕೈಯಿಂದ ತಿರುಗಿಸುವ ಉರುಳೆಯ ವೇಗ ಒಂದೇ ಸಮನಾಗಿರುವುದಿಲ್ಲ. ಶ್ರುತಿಕವೆಯದಾದರೋ ಎಂದೂ ಬದಲಾಗದ ಕಂಪನ. ಒಂದನ್ನು ನೋಡಿ ಇನ್ನೊಂದನ್ನು ತಿದ್ದಿಕೊಳ್ಳಬಹುದಲ್ಲವೇ!

2008ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಆ ಗೆರೆಗಳನ್ನು ಕಂಪ್ಯೂಟರಿನ ನೆರವಿನಿಂದ ಧ್ವನಿಯಾಗಿ ಪರಿವರ್ತಿಸಿದಾಗ ಹೆಣ್ಣುಮಗಳೊಬ್ಬಳು ಹಾಡಿದಂತೆ ಕೇಳಿಸಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಮರುವರ್ಷ ತಪ್ಪು ಗೊತ್ತಾಯಿತು. ಶ್ರುತಿಕವೆಯ ಕಂಪನ ಸೆಕೆಂಡಿಗೆ 500 ಎಂದು ಸಂಶೋಧಕರು ಲೆಕ್ಕ ಹಿಡಿದಿದ್ದರು. ಆದರೆ ಅಂದಿನ ಫ್ರೆಂಚ್ ಪದ್ಧತಿಯಲ್ಲಿ ಹೋಗುವುದನ್ನು ಒಂದು, ಬರುವುದನ್ನು ಒಂದು ಎಂದು ಎಣಿಸುತ್ತಿದ್ದರು. ಇಂದಿನ ಲೆಕ್ಕದಲ್ಲಿ ಅದು 250 ಮಾತ್ರ. ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಲಾಗಿತ್ತು! ಸರಿಯಾದ ವೇಗದಲ್ಲಿ ಕೇಳಿಸಿದ್ದು ನಿಧಾನವಾಗಿ ಹಾಡುತ್ತಿರುವ ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ. ಅಳತೆಗೋಲು ಇದ್ದುದರಿಂದ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಅಳತೆಗೋಲನ್ನು ಓದುವುದೂ ಗೊತ್ತಿರಬೇಕು ಎಂಬ ಪಾಠವೂ ಸಿಕ್ಕಿತು.

ಶ್ರುತಿಕವೆಯ ವಂಶಸ್ಥರು ಇಂದಿನ ಪರೀಕ್ಷಾ ಕಡತಗಳಲ್ಲಿದ್ದಾರೆ. ಹಿಂದೆ ದೂರದರ್ಶನದ ಕಾರ್ಯಕ್ರಮ ಆರಂಭವಾಗುವ ಮುನ್ನ ಪರದೆಯ ಮೇಲೆ ಬಣ್ಣದ ಪಟ್ಟಿಗಳು ನಿಂತು, ಕುಯ್‌ಗುಡುವ ಒಂದೇ ಸ್ವರ ಬರುತ್ತಿದ್ದುದು ಹಳಬರಿಗೆ ನೆನಪಿರಬಹುದು. ಇಂಥ ಶುದ್ಧ ಸ್ವರಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 1,000 ಕಂಪನಗಳಿರುತ್ತವೆ. ಯಂತ್ರ ಅದಕ್ಕೆ ತನ್ನದೇನಾದರೂ ಸೇರಿಸಿದರೆ ತಟ್ಟನೆ ಪತ್ತೆಯಾಗುತ್ತದೆ. 20 ಕಂಪನಗಳಿಂದ 20,000ದವರೆಗೆ ಏರುತ್ತ ಹೋಗುವ ಸ್ವರ ಇನ್ನೊಂದು ಬಗೆ. ಸ್ಪೀಕರಿಗೆ ಯಾವ ಸ್ಥಾಯಿಯಲ್ಲಿ ದನಿ ಕಟ್ಟುತ್ತದೆ, ಎಲ್ಲಿ ಅನಗತ್ಯವಾಗಿ ಅಬ್ಬರಿಸುತ್ತದೆ ಎಂಬುದನ್ನು ಇದು ತೋರಿಸಿಕೊಡುತ್ತದೆ. ಮೇಲಿನ ತುದಿ ಕೇಳಿಸದಿದ್ದರೆ ಸ್ಪೀಕರನ್ನು ಬೈಯಬೇಕಾಗಿಲ್ಲ. ವಯಸ್ಸಾದಂತೆ ನಮ್ಮ ಕಿವಿಯೇ ಆ ಎತ್ತರವನ್ನು ಬಿಟ್ಟುಕೊಡುತ್ತ ಬರುತ್ತದೆ.

ಗಾಯಕಿಯೇ ಯಂತ್ರಕ್ಕೆ ಹೊಂದಿಕೊಂಡಾಗ

ಪರೀಕ್ಷೆಯ ಹೆಸರಿನಲ್ಲಿ ಪ್ರಚಾರವೂ ನಡೆಯುತ್ತದೆ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರುಗಳಲ್ಲಿ ‘ಟೋನ್ ಟೆಸ್ಟ್’ ಎಂಬ ಪ್ರದರ್ಶನ ಏರ್ಪಡಿಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಗ್ರಾಮಾಫೋನು. ಇಬ್ಬರೂ ಕೂಡಿ ಹಾಡುತ್ತಿರುವಾಗ ಗಾಯಕಿ ನಡುವೆ ಬಾಯಿ ಮುಚ್ಚುತ್ತಾಳೆ, ಹಾಡು ನಿಲ್ಲುವುದಿಲ್ಲ. ಕೆಲವೊಮ್ಮೆ ಸಭಾಂಗಣದ ದೀಪಗಳನ್ನೆಲ್ಲ ಆರಿಸಿ, ಮತ್ತೆ ಹೊತ್ತಿಸಿದಾಗ ವೇದಿಕೆಯ ಮೇಲೆ ಗಾಯಕಿಯೇ ಇರುತ್ತಿರಲಿಲ್ಲ! ಜನ ಬೆರಗಾದರು, ಯಂತ್ರಗಳು ಮಾರಾಟವಾದವು.

ಈ ಪ್ರದರ್ಶನಗಳಲ್ಲಿ ಹಾಡಿದ ಆನಾ ಕೇಸ್ ಎಂಬ ಗಾಯಕಿ ಎಷ್ಟೋ ವರ್ಷಗಳ ನಂತರ, ವೃದ್ಧಾಪ್ಯದಲ್ಲಿ, ನಿಜ ಹೇಳಿದರು. ತಾವು ವೇದಿಕೆಯ ಮೇಲೆ ಯಂತ್ರದ ದನಿಗೆ ಹೊಂದುವಂತೆ ತಮ್ಮ ದನಿಯನ್ನು ತಗ್ಗಿಸಿಕೊಂಡು ಹಾಡುತ್ತಿದ್ದುದಾಗಿ ಒಪ್ಪಿಕೊಂಡರು. ಯಂತ್ರ ಮನುಷ್ಯನಂತೆ ಹಾಡಿದ್ದಲ್ಲ, ಮನುಷ್ಯಳು ಯಂತ್ರದಂತೆ ಹಾಡಿದ್ದು. ಮಾದರಿಯೇ ಯಂತ್ರಕ್ಕೆ ಅನುಕೂಲವಾಗಿ ಬಾಗಿದರೆ ಪರೀಕ್ಷೆಗೆ ಅರ್ಥವೆಲ್ಲಿ?

ಒಂಟಿ ದನಿಯ ಸವಾಲು

ಹಾಗಾದರೆ ಒಳ್ಳೆಯ ಮಾದರಿ ಯಾವುದು? ಯಂತ್ರಕ್ಕೆ ಕಷ್ಟ ಕೊಡುವಂಥದು. ಎಂಪಿ3ಯ ಚರಿತ್ರೆ ಇದಕ್ಕೆ ಸಾಕ್ಷಿ.

ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತವನ್ನು 44,100 ಬಾರಿ ಅಳೆದು, ಎಡ ಬಲ ಎರಡಕ್ಕೂ ಪ್ರತ್ಯೇಕವಾಗಿ ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಮೆಗಾಬೈಟ್ ಜಾಗ ಬೇಕು. ಇದನ್ನು ದೂರವಾಣಿ ತಂತಿಯ ಮೂಲಕ ಕಳಿಸುವಷ್ಟು ಕುಗ್ಗಿಸಲು ಜರ್ಮನಿಯ ಎರ್ಲಾಂಗೆನ್‌ನಲ್ಲಿ 1980ರ ದಶಕದಲ್ಲಿ ಪ್ರಯತ್ನ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್. ಉಪಾಯ ಸರಳ. ಜಾತ್ರೆಯ ಗದ್ದಲದಲ್ಲಿ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ. ಹಾಗೆಯೇ ಜೋರಾದ ಧ್ವನಿಯ ನೆರಳಿನಲ್ಲಿ ಮರೆಯಾಗುವ ಸಣ್ಣ ಧ್ವನಿಗಳನ್ನು ಕಿವಿ ಗುರುತಿಸುವುದಿಲ್ಲ. ಕೇಳಿಸದ್ದನ್ನು ಇಟ್ಟುಕೊಳ್ಳುವುದೇಕೆ? ಬಿಟ್ಟುಬಿಟ್ಟರೆ ಹಾಡು ಹತ್ತರಲ್ಲೊಂದು ಪಾಲಿಗಿಂತ ಕಿರಿದಾಗುತ್ತದೆ.

ವಾದ್ಯಗಳ ಮೇಳವಿರುವ ಹಾಡುಗಳಲ್ಲಿ ಈ ಉಪಾಯ ಚೆನ್ನಾಗಿಯೇ ನಡೆಯಿತು. ಕೆಲಸ ಬಹುತೇಕ ಮುಗಿಯಿತು ಎನ್ನುವಾಗ ಬ್ರಾಂಡೆನ್‌ಬುರ್ಗ್ ಕಣ್ಣಿಗೆ ಒಂದು ಸುದ್ದಿ ಬಿತ್ತು. ಅಮೆರಿಕದ ಗಾಯಕಿ ಸುಝಾನ್ ವೇಗಾ 1987ರ ಆಲ್ಬಮ್ಮಿನಲ್ಲಿ ಹಾಡಿದ ‘ಟಾಮ್ಸ್ ಡೈನರ್’ ಎಂಬ ಹಾಡನ್ನು ಸ್ಪೀಕರುಗಳ ಪರೀಕ್ಷೆಗೆ ಬಳಸುತ್ತಾರೆ ಎಂದು ಪತ್ರಿಕೆಯೊಂದು ಬರೆದಿತ್ತು. ಸುಮಾರು ಎರಡು ನಿಮಿಷದ ಹಾಡು, ಯಾವ ವಾದ್ಯವೂ ಇಲ್ಲ, ಒಂಟಿ ಹೆಣ್ಣುದನಿ ಮಾತ್ರ. ಅದನ್ನು ತಮ್ಮ ಪದ್ಧತಿಯಲ್ಲಿ ಕುಗ್ಗಿಸಿ ಕೇಳಿದರೆ ಗಾಯಕಿಯ ದನಿ ಒಡೆದು ವಿಕಾರವಾಗಿತ್ತು. ಕಾರಣ ಸ್ಪಷ್ಟ. ದೋಷ ಅಡಗಿಕೊಳ್ಳಲು ಅಲ್ಲಿ ಬೇರೆ ಧ್ವನಿಯ ನೆರಳೇ ಇರಲಿಲ್ಲ. ಅಲ್ಲದೆ ಮನುಷ್ಯರ ದನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಮ್ಮ ಕಿವಿ ಹಿಡಿಯುತ್ತದೆ. ಬ್ರಾಂಡೆನ್‌ಬುರ್ಗ್ ಅದೊಂದೇ ಹಾಡನ್ನು ನೂರಾರು ಬಾರಿ ಕೇಳಿ ತಮ್ಮ ಲೆಕ್ಕಾಚಾರವನ್ನು ತಿದ್ದಿದರು. ಈ ತಂತ್ರ 1990ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ‘ಎಂಪಿ3’ ಎಂಬ ಹೆಸರು ಬಂದದ್ದು 1995ರಲ್ಲಿ. ವೇಗಾ ಅವರಿಗೆ ‘ಎಂಪಿ3ಯ ತಾಯಿ’ ಎಂಬ ಬಿರುದು ತಾನಾಗಿ ಅಂಟಿಕೊಂಡಿತು.

ಅಮೆರಿಕದ ಸಂಗೀತ ರಚನಕಾರ ರಯಾನ್ ಮಗೈರ್ 2010ರ ದಶಕದಲ್ಲಿ ಇದೇ ಹಾಡಿನಿಂದ ಎಂಪಿ3 ಬಿಸಾಡಿದ ಧ್ವನಿಗಳನ್ನಷ್ಟೇ ಹೆಕ್ಕಿ ಹೊಸದೊಂದು ಕೃತಿ ರಚಿಸಿದರು. ಕಿವಿಗೆ ಬೇಡವೆಂದು ತೀರ್ಮಾನಿಸಿದ ಧ್ವನಿಗಳು ಅಲ್ಲಿ ಭೂತದ ಪಿಸುಮಾತಿನಂತೆ ಕೇಳಿಸುತ್ತವೆ.

ಪಟ್ಟಿಯಲ್ಲಿ ಇಲ್ಲದವರು

ಒಂದೇ ಹಾಡಿನಿಂದ ಎಲ್ಲ ದೋಷ ಪತ್ತೆಯಾಗದು. ಅದಕ್ಕಾಗಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1988ರಲ್ಲಿ ಪರೀಕ್ಷೆಗೆಂದೇ ಒಂದು ಸಿ.ಡಿ. ಹೊರತಂದಿತು. ಅದರಲ್ಲಿ 70 ತುಣುಕುಗಳಿವೆ. ಸ್ಪೇನ್‌ನ ನರ್ತಕಿಯರು ಬೆರಳಿಗೆ ಸಿಕ್ಕಿಸಿಕೊಂಡು ಬಡಿಯುವ ಕ್ಯಾಸ್ಟನೆಟ್ ಎಂಬ ಮರದ ಚಿಪ್ಪುಗಳ ಸದ್ದು ಅದರಲ್ಲೊಂದು. ಧ್ವನಿಯನ್ನು ಕುಗ್ಗಿಸುವ ತಂತ್ರಾಂಶ ಅದನ್ನು ತುಂಡು ತುಂಡಾಗಿ ಕತ್ತರಿಸಿಕೊಳ್ಳುತ್ತದೆ. ತುಂಡಿನ ನಡುವೆ ಹಠಾತ್ತನೆ ಪೆಟ್ಟು ಬಿದ್ದರೆ ದೋಷ ಇಡೀ ತುಂಡಿಗೆ ಹರಡಿ, ಪೆಟ್ಟಿಗೆ ಮೊದಲೇ ‘ಸ್ಸ್’ ಎಂಬ ಸದ್ದು ಕೇಳಿಸುತ್ತದೆ. ಗುಡುಗಿದ ಮೇಲೆ ಪ್ರತಿಧ್ವನಿ ಬರುವುದು ಲೋಕರೂಢಿ. ಇಲ್ಲಿ ಗುಡುಗಿಗೆ ಮೊದಲೇ ಪ್ರತಿಧ್ವನಿ! ಕ್ಯಾಸ್ಟನೆಟ್ ಇದನ್ನು ಕ್ಷಣದಲ್ಲಿ ಬಯಲು ಮಾಡುತ್ತದೆ.

ಅದೇ ಸಿ.ಡಿ.ಯಲ್ಲಿ ಪಿಟೀಲು, ಕೊಳಲು, ಪಿಯಾನೊ, ತುತ್ತೂರಿಗಳಿವೆ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಗಂಡು ಹೆಣ್ಣುಗಳ ಮಾತಿದೆ. ಆದರೆ ವೀಣೆ, ತಂಬೂರಿ, ಮೃದಂಗಗಳಿಲ್ಲ. ಭಾರತದ ಯಾವ ಭಾಷೆಯೂ ಇಲ್ಲ. ಯುರೋಪಿನವರು ತಮ್ಮ ಪ್ರಸಾರಕ್ಕೆ ಮಾಡಿಕೊಂಡದ್ದು, ಅವರನ್ನು ದೂರುವಂತಿಲ್ಲ. ತೊಂದರೆ ಇರುವುದು, ಅಂಥ ಮಾದರಿಗಳಿಂದ ತೇರ್ಗಡೆಯಾದ ಯಂತ್ರಗಳು ಎಲ್ಲರ ಮನೆಗೂ ಬರುವುದರಲ್ಲಿ.

2020ರಲ್ಲಿ ಕೋವಿಡ್ ಕಾಲಿಟ್ಟಾಗ ಸಂಗೀತದ ಪಾಠಗಳು ಕಂಪ್ಯೂಟರ್ ಪರದೆಗೆ ಬಂದವು. ಅಮೆರಿಕದ ಕನ್ನಡಿಗರ ಮಕ್ಕಳು ಬೆಂಗಳೂರು ಮೈಸೂರುಗಳ ಗುರುಗಳಿಂದ ಕಲಿಯುವುದು ಇನ್ನಷ್ಟು ವ್ಯಾಪಕವಾಯಿತು. ಗುರುಗಳು ಶ್ರುತಿಪೆಟ್ಟಿಗೆ ಹಾಕಿದರೆ ಶಿಷ್ಯರಿಗೆ ಕೇಳಿಸದು! ವಿಡಿಯೋ ಸಂಭಾಷಣೆಯ ತಂತ್ರಾಂಶಗಳು ಎಡೆಬಿಡದೆ ಬರುವ ಸದ್ದನ್ನು ಫ್ಯಾನಿನ ಗಾಳಿಯ ಸದ್ದೆಂದು ತಿಳಿದು ಅಳಿಸುತ್ತವೆ. ಮಾತನ್ನು ಮಾದರಿಯಾಗಿಟ್ಟುಕೊಂಡು ಮಾಡಿದ ತಂತ್ರಾಂಶಕ್ಕೆ ತಂಬೂರಿಯೂ ಗಲಾಟೆಯೇ. ಸದ್ದು ಅಳಿಸುವ ಆ ಸೌಲಭ್ಯವನ್ನು ನಿಲ್ಲಿಸಿಟ್ಟರೆ ಮಾತ್ರ ಶ್ರುತಿ ದಾಟುತ್ತದೆ.

ಕನ್ನಡದ ಮಾತಿಗೂ ಅದರದೇ ಪರೀಕ್ಷೆಗಳು ಬೇಕು. ಹುಲಿ–ಹುಳಿ, ಕಲ್ಲು–ಕಳ್ಳು, ಮನೆ–ಮಣೆ, ಕತೆ–ಕತ್ತೆ, ಇವುಗಳ ನಡುವಿನ ಅಂತರ ನಮಗೆ ಹಗಲು ರಾತ್ರಿಯಷ್ಟು. ಇಂಗ್ಲಿಷಿನಲ್ಲಿ ‘ಲ’ ‘ಳ’ ಭೇದದಿಂದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಹಾರ್ವರ್ಡ್‌ನ 720 ವಾಕ್ಯಗಳಲ್ಲಿ ಪೂರ್ಣ ಅಂಕ ಪಡೆದ ಯಂತ್ರವೂ ಹುಲಿಯನ್ನು ಹುಳಿ ಮಾಡುವುದೋ ಇಲ್ಲವೋ ಎಂಬುದು ಆ ಪರೀಕ್ಷೆಯಿಂದ ತಿಳಿಯದು.

ಇದರ ಬಿಸಿ ಹೆಚ್ಚು ತಟ್ಟುವುದು ಶ್ರವಣದೋಷ ಇರುವವರಿಗೆ. ಶ್ರವಣಯಂತ್ರ ಹಾಕಿಕೊಂಡ ಅಜ್ಜನಿಗೆ ಬೇಕಾದದ್ದು ಮೊಮ್ಮಗಳ ಮಾತು, ಅದೂ ಕನ್ನಡದ ಮಾತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ದಿಸೆಯಲ್ಲಿ ಬಹುಕಾಲದಿಂದ ಕೆಲಸ ನಡೆದಿದೆ. ಕನ್ನಡದ ಧ್ವನಿಗಳು ಸಮತೂಕದಲ್ಲಿ ಬರುವ ಪದಪಟ್ಟಿ 2005ರಲ್ಲಿ ಸಿದ್ಧವಾಯಿತು. 2014ರಲ್ಲಿ ತಲಾ 10 ವಾಕ್ಯಗಳ 25 ಪಟ್ಟಿಗಳ ಪರೀಕ್ಷೆ ಪ್ರಕಟವಾಯಿತು. ರೋಗಿಗೆ ಇವುಗಳನ್ನು ಕೇಳಿಸಿ, ಎಷ್ಟು ಪದ ತಿಳಿಯಿತು ಎಂದು ನೋಡಿ, ಶ್ರವಣಯಂತ್ರದ ಪ್ರಯೋಜನವನ್ನು ಅಳೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ಕೈಗೊಂಡ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಮುದ್ರಿಸಿ ಮುಕ್ತವಾಗಿ ಒದಗಿಸುವ ಗುರಿ ಹೊಂದಿದೆ. ಬೀದರಿನ ಕನ್ನಡ ಬೇರೆ, ಮಂಗಳೂರಿನ ಕನ್ನಡ ಬೇರೆ ಎಂಬುದನ್ನು ಯಂತ್ರಕ್ಕೆ ಕಲಿಸಲೂ, ಕಲಿತದ್ದನ್ನು ಪರೀಕ್ಷಿಸಲೂ ಇಂಥ ಸಂಗ್ರಹ ಬೇಕು.

ಮನೆಯಲ್ಲೇ ಪರೀಕ್ಷೆ

ಸಾಮಾನ್ಯ ಗ್ರಾಹಕರಿಗೂ ಇದರಲ್ಲಿ ಕಲಿಯುವುದಿದೆ. ಸ್ಪೀಕರನ್ನೋ ಇಯರ್‌ಫೋನನ್ನೋ ಕೊಳ್ಳುವಾಗ ಅಂಗಡಿಯವರು ನುಡಿಸುವ ಅಬ್ಬರದ ಹಾಡಿಗೆ ಮಾರುಹೋಗಬಾರದು. ಆ ಹಾಡನ್ನು ಆರಿಸಿರುವುದೇ ದೋಷ ಮುಚ್ಚಲು ಇರಬಹುದು. ನೀವು ಬಹಳ ಸಲ ಕೇಳಿದ, ಉಸಿರೆಳೆದುಕೊಳ್ಳುವುದೂ ನೆನಪಿರುವ ಹಾಡೊಂದನ್ನು ಒಯ್ಯಿರಿ. ಒಂಟಿ ದನಿಯ ವಚನವೋ ಭಾವಗೀತೆಯೋ ಒಂದು, ಮೃದಂಗವೋ ಚಂಡೆಯೋ ಇರುವುದು ಇನ್ನೊಂದು, ಬರೇ ಮಾತಿನ ತುಣುಕು ಮತ್ತೊಂದು. ಎರಡು ಯಂತ್ರಗಳನ್ನು ಹೋಲಿಸುವಾಗ ಧ್ವನಿಯ ಮಟ್ಟ ಒಂದೇ ಇರಲಿ. ತುಸು ಜೋರಾಗಿ ಕೇಳಿಸಿದ್ದೇ ಹೆಚ್ಚು ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಯಾವುದು ಯಾವ ಯಂತ್ರ ಎಂದು ಗೊತ್ತಾಗದಂತೆ ಬೇರೊಬ್ಬರಿಂದ ನುಡಿಸಿ ಕೇಳುವುದು ಇನ್ನೂ ಉತ್ತಮ.

ತಂತ್ರಾಂಶ ಬರೆಯುವವರಿಗೆ ಇಷ್ಟು ಸಾಲದು. ಅವರು ಸರಿಯಾದ ಕಡತಗಳ ಜೊತೆಗೆ ಕೆಟ್ಟ ಕಡತಗಳನ್ನೂ ಕೂಡಿಡುತ್ತಾರೆ. ಅರ್ಧಕ್ಕೆ ತುಂಡಾದದ್ದು, ಒಳಗೆ ಏನೂ ಇಲ್ಲದ್ದು, ಹೆಸರೊಂದು ಹೂರಣವೊಂದು ಆಗಿರುವಂಥದು. ಆ ಪೆಟ್ಟಿಗೆಯಲ್ಲಿ ಕನ್ನಡದ ಶೀರ್ಷಿಕೆಯ ಹಾಡೂ ಇರಬೇಕು. ಎಂಪಿ3ಯ ಹಳೆಯ ಪದ್ಧತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಜಾಗ ಮಾತ್ರ. ಇಂದಿನ ರೂಢಿಯ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಕಾಗುಣಿತ, ಒತ್ತುಗಳಿಗೂ ಬೇರೆ ಲೆಕ್ಕ. ನಾಲ್ಕಾರು ಅಕ್ಷರವಾಗುವಷ್ಟರಲ್ಲಿ ಜಾಗ ಮುಗಿದು ಹೆಸರು ಮುರಿಯುತ್ತದೆ. ಇಂಗ್ಲಿಷ್ ಹೆಸರಿನ ಹಾಡುಗಳನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಿದವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕೇಳದೇ ಇದ್ದ ಪ್ರಶ್ನೆಗೆ ಅದು ಉತ್ತರವನ್ನೂ ಕೊಡುವುದಿಲ್ಲ. ಹುಲಿ ಹುಳಿಯಾದರೆ ತಾನಾಗಿ ಬಂದು ಒಪ್ಪಿಕೊಳ್ಳುವುದಿಲ್ಲ. ಅದರ ಮುಂದೆ ಕುಳಿತು ‘ಹುಲಿ’ ಎಂದೊಮ್ಮೆ, ‘ಹುಳಿ’ ಎಂದೊಮ್ಮೆ ಹೇಳಿ ನೋಡುವ ಕೆಲಸವನ್ನು ಕನ್ನಡ ಮಾತಾಡುವವರೇ ಮಾಡಬೇಕು.